ಕೋಚನ್ನು ಉಳಿಸಿ ಅನ್ನುತ್ತಿಲ್ಲ, ಲೆಕ್ಕ ಕೊಡಿ ಅನ್ನುತ್ತಿದ್ದೇನೆ

ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್‌ನ ಪದಾಧಿಕಾರಿಗಳಿಗೆ ಮತ್ತು ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕ್ಲಬ್‌ಗಳ ಮಾಲೀಕರಿಗೆ,

ನಮಸ್ಕಾರ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. 2023ರ ಡಿಸೆಂಬರ್ 8ರ ರಾತ್ರಿ ಕಂಠೀರವದಲ್ಲಿ ಕೂತು ಕೂಗಿದವರಲ್ಲಿ ನಾನೂ ಒಬ್ಬ. ಮುಂಬೈ ಸಿಟಿ ನಮ್ಮ ನೆಲದಲ್ಲೇ ನಮ್ಮ ಬೆಂಗಳೂರು ಎಫ್‌ಸಿಗೆ ನಾಲ್ಕು ಗೋಲು ಹೊಡೆದಿತ್ತು. ನಾವು ಒಂದೂ ಹೊಡೆದಿರಲಿಲ್ಲ. ‘ಮೊದಲು ಕೋಚನ್ನು ಕಳಿಸ್ರಪ್ಪಾ’ ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. ಮಾರನೇ ದಿನ ಸೈಮನ್ ಗ್ರೇಸನ್ ಬೆಂಗಳೂರು ಎಫ್‌ಸಿಯ ಕೋಚ್ ಆಗಿ ಉಳಿದಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಸುದ್ದಿ ಓದಿ ಖುಷಿಯೇ ಆಯಿತು. ನನ್ನ ಕೂಗು ಯಾರಿಗೋ ಕೇಳಿಸಿತಲ್ಲ ಅನ್ನುವ ಖುಷಿ.

ಆ ಖುಷಿ ಜಾಸ್ತಿ ದಿನ ಉಳಿಯಲಿಲ್ಲ. ಇದೇ ಗ್ರೇಸನ್ ಹಿಂದಿನ ಸೀಸನ್‌ನಲ್ಲಿ ಏನು ಮಾಡಿದ್ದರು ಅಂತ ನೆನಪಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತಾದಲ್ಲಿ ಡುರಾಂಡ್ ಕಪ್ ಗೆದ್ದರು. 2023ರ ಮಾರ್ಚ್‌ನಲ್ಲಿ ಐಎಸ್‌ಎಲ್ ಫೈನಲ್, ಅದು ಪೆನಾಲ್ಟಿಯಲ್ಲಿ ಕೈತಪ್ಪಿತು. ಏಪ್ರಿಲ್‌ನಲ್ಲಿ ಸೂಪರ್ ಕಪ್ ಫೈನಲ್. ಬಂದ ಮೊದಲ ಸೀಸನ್‌ನಲ್ಲೇ ಮೂರು ಫೈನಲ್. ಎಂಟು ತಿಂಗಳು ಕಳೆಯುವಷ್ಟರಲ್ಲಿ ಅವರಿಗೆ ಕೆಲಸ ಬರುವುದಿಲ್ಲ ಅಂತ ತೀರ್ಮಾನವಾಯಿತು. ಎಂಟು ತಿಂಗಳಲ್ಲಿ ಒಬ್ಬ ಮನುಷ್ಯ ಕಲಿತದ್ದನ್ನೆಲ್ಲ ಮರೆಯುತ್ತಾನಾ? ಅಥವಾ ತಂಡದಲ್ಲಿ ಬೇರೇನೋ ಬದಲಾಗಿತ್ತಾ? ಈ ಪ್ರಶ್ನೆಯನ್ನು ನಾವು ಕೇಳಲಿಲ್ಲ. ನೀವೂ ಹೇಳಲಿಲ್ಲ.

ಹೊಸ ಕೋಚ್ ಗೆರಾರ್ಡ್ ಸರಗೋಸಾ ಬಂದರು. ಏನಾಯಿತು? ಹನ್ನೆರಡು ತಂಡಗಳ ಪಟ್ಟಿಯಲ್ಲಿ ನಾವು 10ನೇ ಸ್ಥಾನದಲ್ಲಿ ಮುಗಿಸಿದೆವು. ನನ್ನ ಲೆಕ್ಕದ ಪ್ರಕಾರ ಅವರನ್ನೂ ಕಳಿಸಬೇಕಿತ್ತು. ಆದರೆ ಈ ಸಲ ಕ್ಲಬ್ ಕಳಿಸಲಿಲ್ಲ. ಮುಂದಿನ ಸೀಸನ್, 2024-25ರಲ್ಲಿ ಅದೇ ಕೋಚ್, ಅದೇ ಕ್ಲಬ್, ಮೂರನೇ ಸ್ಥಾನ. ಲೀಗ್ ಪಂದ್ಯಗಳ ನಂತರದ ಪ್ಲೇ-ಆಫ್‌ನಲ್ಲಿ ಅದೇ ಮುಂಬೈ ಸಿಟಿಗೆ ಕಂಠೀರವದಲ್ಲೇ ಐದು ಗೋಲು ಹೊಡೆದು ಬಡ್ಡಿ ಸಮೇತ ತೀರಿಸಿದರು. ಸೆಮಿಫೈನಲ್‌ನಲ್ಲಿ ಗೋವಾ ವಿರುದ್ಧ ಕೊನೆ ಗಳಿಗೆಯಲ್ಲಿ ಸುನಿಲ್ ಛೇತ್ರಿ ತಲೆಯಿಂದ ಹೊಡೆದ ಗೋಲು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಫೈನಲ್‌ನಲ್ಲಿ ಮೋಹನ್ ಬಾಗಾನ್‌ಗೆ ಹೆಚ್ಚುವರಿ ಸಮಯದಲ್ಲಿ ಸೋತರು. ಸೋತರೂ, 10ರಿಂದ ಇಲ್ಲಿಗೆ ಬಂದದ್ದು ಒಬ್ಬನೇ ಕೋಚ್‌ನ ಕೈಯಲ್ಲಿ.

ಎರಡು ಸೀಸನ್ ಒಳಗೆ ಒಂದೇ ಕ್ಲಬ್ ಎರಡು ಥರ ನಡೆದುಕೊಂಡಿತು. ಒಬ್ಬರನ್ನು ಸೋಲಿನ ಮಾರನೇ ದಿನ ಕಳಿಸಿತು. ಇನ್ನೊಬ್ಬರನ್ನು 10ನೇ ಸ್ಥಾನಕ್ಕೆ ಬಿದ್ದರೂ ಉಳಿಸಿಕೊಂಡಿತು. ಎರಡಕ್ಕೂ ಕಾರಣ ಇದ್ದೇ ಇರುತ್ತದೆ. ಆ ಕಾರಣ ಏನು ಅಂತ ನಮಗೆ, ಟಿಕೆಟ್ ಕೊಂಡು ಬರುವವರಿಗೆ, ಗೊತ್ತಾಗುವುದೇ ಇಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಕಾರ್ಲೆಸ್ ಕ್ವಾದ್ರಾತ್ ಅವರ ಕಥೆ ಇನ್ನೂ ವಿಚಿತ್ರ. ಆಲ್ಬರ್ಟ್ ರೋಕಾ ಅವರ ಕೈಕೆಳಗೆ ಸಹಾಯಕರಾಗಿದ್ದವರು 2018ರಲ್ಲಿ ನಮ್ಮ ಹೆಡ್ ಕೋಚ್ ಆದರು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ರಾಹುಲ್ ಭೇಕೆ ಹೊಡೆದ ಒಂದೇ ಗೋಲಿನಲ್ಲಿ ನಮಗೆ ಐಎಸ್‌ಎಲ್ ಕಪ್ ತಂದುಕೊಟ್ಟರು. 2021ರ ಜನವರಿ ಮೊದಲ ವಾರದ ಹೊತ್ತಿಗೆ ಸಾಲಾಗಿ ಮೂರು ಪಂದ್ಯ ಸೋತಿದ್ದರು. ಹೊರಟರು. ಕೊರೊನಾ ಕಾಲ ಅದು, ಸೀಸನ್ ಪೂರ್ತಿ ಗೋವಾದ ಖಾಲಿ ಮೈದಾನಗಳಲ್ಲಿ ನಡೆಯಿತು. ಕೂಗುವುದಕ್ಕೆ ನಾವೂ ಅಲ್ಲಿರಲಿಲ್ಲ. ಆಮೇಲೆ ಈಸ್ಟ್ ಬೆಂಗಾಲ್‌ಗೆ ಹೋದರು. 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದುಕೊಟ್ಟರು. ಅದೇ ವರ್ಷ ಹೊಸ ಲೀಗ್ ಶುರುವಾಗಿ ಮೊದಲ ಮೂರು ಪಂದ್ಯ ಸೋತರು. ಸೆಪ್ಟೆಂಬರ್ ಮುಗಿಯುವ ಮೊದಲೇ ರಾಜೀನಾಮೆ.

ಎರಡು ಊರು, ಎರಡು ಕಪ್, ಎರಡು ಸಲವೂ ಮೂರು ಸೋಲು. ಮೂರು ಅನ್ನುವ ಅಂಕಿಯನ್ನು ಯಾರು ನಿಗದಿ ಮಾಡಿದರು? ಈಸ್ಟ್ ಬೆಂಗಾಲ್‌ನ ಆ ಮೂರು ಸೋಲುಗಳಲ್ಲಿ ಮೊದಲನೆಯದು ನಡೆದದ್ದು ಕಂಠೀರವದಲ್ಲೇ, ನಮ್ಮ ವಿರುದ್ಧವೇ. ನಮಗೆ ಕಪ್ ತಂದುಕೊಟ್ಟ ಮನುಷ್ಯ ಆ ಸಂಜೆ ಎದುರು ತಂಡದ ಬೆಂಚಿನ ಮುಂದೆ ನಿಂತಿದ್ದರು. ನಾವು 1-0ಯಲ್ಲಿ ಗೆದ್ದೆವು, ಕುಣಿದೆವು. ಅದು ಅವರ ಕೆಲಸದ ಕೊನೆಯ ವಾರಗಳು ಅಂತ ಯಾರಿಗೆ ಗೊತ್ತಿತ್ತು.

ಇಲ್ಲಿ ನೀವು ನನ್ನನ್ನು ತಡೆಯಬಹುದು. ‘ಕೋಚ್ ಬದಲಿಸಿದರೆ ಒಳ್ಳೆಯದಾದ ಉದಾಹರಣೆ ಇಲ್ಲವೇ?’ ಇದೆ. ಮೋಹನ್ ಬಾಗಾನ್ 2023ರ ಡಿಸೆಂಬರ್‌ನಲ್ಲಿ ಲೀಗ್‌ನಲ್ಲಿ ಸಾಲಾಗಿ ಸೋತಾಗ, ಹಿಂದಿನ ಸೀಸನ್‌ನ ಕಪ್ ಗೆದ್ದುಕೊಟ್ಟಿದ್ದ ಹುವಾನ್ ಫೆರಾಂಡೊ ಅವರನ್ನು ಹೊಸ ವರ್ಷ ಹುಟ್ಟುತ್ತಲೇ ಕಳಿಸಿತು. ಆಂಟೋನಿಯೊ ಹಬಾಸ್ ಬಂದರು. ಏಪ್ರಿಲ್‌ನಲ್ಲಿ ಅಂಕಪಟ್ಟಿಯಲ್ಲಿ ಮೊದಲು ಬಂದವರಿಗೆ ಸಿಗುವ ಲೀಗ್ ಶೀಲ್ಡ್ ಅವರದ್ದಾಯಿತು. ಅದೇ ವರ್ಷ ಪ್ಲೇ-ಆಫ್ ಆಡಿ ಕಪ್ ಗೆದ್ದ ಮುಂಬೈ ಸಿಟಿಯಲ್ಲೂ ನಡುವೆ ಕೋಚ್ ಬದಲಾಗಿದ್ದರು. ಅಲ್ಲಿ ಕ್ಲಬ್ ಕಳಿಸಿದ್ದಲ್ಲ, ಡೆಸ್ ಬಕಿಂಗ್‌ಹ್ಯಾಮ್ ತಾವೇ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಗೆ ಹೊರಟುಹೋದರು. ಕೋಚ್‌ಗಳೇನೂ ಪಾಪದ ಕುರಿಮರಿಗಳಲ್ಲ. ಒಳ್ಳೆ ಕೆಲಸ ಸಿಕ್ಕರೆ ಅವರೂ ನಡುನೀರಲ್ಲಿ ಕೈಬಿಡುತ್ತಾರೆ.

ಹಾಗಾಗಿ ಬದಲಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಬದಲಿಸಿದ ಮೇಲೆ ತಂಡ ಎದ್ದು ನಿಂತದ್ದಕ್ಕೆಲ್ಲ ಬದಲಾವಣೆಯೇ ಕಾರಣ ಅಂತ ನಂಬಬೇಡಿ, ಅಷ್ಟೇ. ನೀವು ಕೋಚನ್ನು ತೆಗೆಯುವುದು ಯಾವಾಗ? ತಂಡ ತೀರಾ ತಳ ಮುಟ್ಟಿದಾಗ. ಅಲ್ಲಿಂದ ಹೆಚ್ಚಿನ ತಂಡಗಳು ತಾವಾಗೇ ಒಂದಷ್ಟು ಮೇಲೆ ಬರುತ್ತವೆ. ಗಾಯಗೊಂಡ ಸ್ಟ್ರೈಕರ್ ವಾಪಸ್ ಬರುತ್ತಾನೆ, ಸುಲಭದ ಎದುರಾಳಿ ಸಿಗುತ್ತಾರೆ, ಕಂಬಕ್ಕೆ ಬಡಿಯುತ್ತಿದ್ದ ಚೆಂಡು ಒಳಗೆ ಹೋಗುತ್ತದೆ. ಜ್ವರ ನೆತ್ತಿಗೇರಿದ ದಿನ ತಾಯತ ಕಟ್ಟಿಸಿ, ಮೂರನೇ ದಿನ ಜ್ವರ ಇಳಿದಾಗ ತಾಯತದ ಮಹಿಮೆ ಅಂದ ಹಾಗೆ.

ಇದು ನಮ್ಮ ದೇಶದ ರೋಗ ಮಾತ್ರ ಅಲ್ಲ ಅಂತ ಗೊತ್ತು. ಇಂಗ್ಲೆಂಡಿನಲ್ಲಿ ಲೆಸ್ಟರ್‌ಗೆ ಯಾರೂ ಕನಸಲ್ಲೂ ಎಣಿಸದ ಪ್ರಶಸ್ತಿ ತಂದುಕೊಟ್ಟ ಕ್ಲಾಡಿಯೊ ರಾನಿಯೇರಿ ಒಂಬತ್ತು ತಿಂಗಳಲ್ಲಿ ಮನೆಗೆ ಹೋದರು. 2025ರಲ್ಲಿ ಆಂಜ್ ಪೋಸ್ಟೆಕೋಗ್ಲು ಟಾಟನ್‌ಹ್ಯಾಮ್‌ಗೆ ಯುರೋಪಾ ಲೀಗ್ ಗೆದ್ದುಕೊಟ್ಟ ಮರು ತಿಂಗಳೇ ಕೆಲಸ ಕಳೆದುಕೊಂಡರು, ಅದೇ ವರ್ಷ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಲ್ಲಿ 39 ದಿನ ಇದ್ದು ಅಲ್ಲೂ ಕಳೆದುಕೊಂಡರು. 2007ರಲ್ಲಿ ಟಾರ್ಕಿ ಅನ್ನುವ ಸಣ್ಣ ಕ್ಲಬ್‌ನಲ್ಲಿ ಲೆರಾಯ್ ರೊಸೀನಿಯರ್ ಅವರ ನೌಕರಿ ಬಾಳಿದ್ದು ಹತ್ತು ನಿಮಿಷ. ಅವರನ್ನು ಪತ್ರಕರ್ತರಿಗೆ ಪರಿಚಯಿಸುವ ಹೊತ್ತಿಗೆ ಕ್ಲಬ್ಬೇ ಮಾರಾಟವಾಗಿತ್ತು! ನಮ್ಮಲ್ಲಿ ಇನ್ನೂ ಅಷ್ಟು ದೂರ ಹೋಗಿಲ್ಲ ಅನ್ನುವುದೊಂದೇ ಸಮಾಧಾನ.

ಎಲ್ಲರೂ ಫರ್ಗ್ಯುಸನ್ ಹೆಸರು ಹೇಳುತ್ತಾರೆ. 1986ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದವರಿಗೆ ಮೊದಲ ಕಪ್ ಸಿಕ್ಕಿದ್ದು 1990ರಲ್ಲಿ, ಬಿಟ್ಟದ್ದು 2013ರಲ್ಲಿ. ಸರಿ. ಆದರೆ ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಪಕ್ಕದ ಹೈದರಾಬಾದಿನಲ್ಲೇ ಒಬ್ಬರಿದ್ದರಲ್ಲ.

ಸೈಯದ್ ಅಬ್ದುಲ್ ರಹೀಂ. ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. 1951ರಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಚಿನ್ನ ಗೆದ್ದುಕೊಟ್ಟರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ತಂಡ ಕರೆದುಕೊಂಡು ಹೋದರು. ನಮ್ಮ ಹುಡುಗರಲ್ಲಿ ಬಹಳ ಮಂದಿ ಬರಿಗಾಲಲ್ಲಿ ಆಡುತ್ತಿದ್ದ ಕಾಲ. ಯುಗೊಸ್ಲಾವಿಯಾ ಹತ್ತು ಗೋಲು ಹೊಡೆಯಿತು. ನಾವು ಒಂದು. 10-1! ಇವತ್ತಾಗಿದ್ದರೆ ರಹೀಂ ಸಾಹೇಬರು ವಿಮಾನ ಇಳಿಯುವ ಮೊದಲೇ ‘ಅವರ ಸೇವೆಗೆ ಧನ್ಯವಾದ, ಮುಂದಿನ ದಾರಿಗೆ ಶುಭವಾಗಲಿ’ ಅಂತ ನೀವು ಟ್ವೀಟ್ ಮಾಡಿರುತ್ತಿದ್ದಿರಿ. ನಾನು ಅದಕ್ಕೆ ಲೈಕ್ ಒತ್ತಿರುತ್ತಿದ್ದೆ.

ಅವತ್ತಿನ ಫೆಡರೇಶನ್ ಏನು ಮಾಡಿತು ನೋಡಿ. ಕೋಚ್‌ಗೆ ಬರೆ ಹಾಕಲಿಲ್ಲ, ಆಟಗಾರರ ಕಾಲಿಗೆ ಬೂಟು ಹಾಕಿಸಿತು. ಬೂಟು ಕಡ್ಡಾಯವಾಯಿತು. ನಡುವೆ ಬೇರೆಯವರು ತಂಡ ನೋಡಿಕೊಂಡದ್ದೂ ಉಂಟು, ಆದರೆ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಮತ್ತೆ ರಹೀಂ ಅವರನ್ನೇ ಕಳಿಸಿದರು. ಆ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು. ಸೆಮಿಫೈನಲ್‌ನಲ್ಲಿ ಮತ್ತೆ ಯುಗೊಸ್ಲಾವಿಯಾ. 4-1ರಲ್ಲಿ ಸೋತರೂ, ಭಾರತ ನಾಲ್ಕನೇ ಸ್ಥಾನ ಪಡೆಯಿತು. 1962ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಮತ್ತೆ ಚಿನ್ನ. ಅಷ್ಟರಲ್ಲಿ ರಹೀಂ ಅವರಿಗೆ ಕ್ಯಾನ್ಸರ್ ಹಿಡಿದಿತ್ತು. 1963ರ ಜೂನ್‌ನಲ್ಲಿ ತೀರಿಕೊಂಡರು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ನಮಗೆ ಇದುವರೆಗೆ ಸಿಕ್ಕಿರುವುದು ಎರಡೇ ಚಿನ್ನ. ಎರಡೂ ಆ ಮೇಷ್ಟ್ರು ತಂದದ್ದು, ನಡುವೆ ಹನ್ನೊಂದು ವರ್ಷ ಮತ್ತು ಒಂದು 10-1.

ಈಗ ಇತ್ತೀಚಿನದಕ್ಕೆ ಬರೋಣ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ದುಡ್ಡಿನ ವಿಷಯ.

ಇಗೊರ್ ಸ್ಟಿಮಾಚ್ 2019ರಲ್ಲಿ ರಾಷ್ಟ್ರೀಯ ತಂಡಕ್ಕೆ ಬಂದರು. ಅವರಿಗೆ ಸಮಯ ಕೊಡಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ, ಐದು ವರ್ಷ ಇದ್ದರು. 2023ರ ಜುಲೈಯಲ್ಲಿ ಕಂಠೀರವದಲ್ಲಿ ಕುವೈತ್ ವಿರುದ್ಧ ಪೆನಾಲ್ಟಿಯಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದ ರಾತ್ರಿ ನಾನು ಅಲ್ಲಿದ್ದೆ. ಆ ಗೆಲುವಿನ ಬಿಸಿ ಆರುವ ಮೊದಲೇ, ಅಕ್ಟೋಬರ್‌ನಲ್ಲಿ, ನೀವು ಅವರ ಕರಾರನ್ನು 2026ರವರೆಗೆ ಬೆಳೆಸಿದಿರಿ. ಏಷ್ಯನ್ ಕಪ್‌ಗೆ ಮೂರೇ ತಿಂಗಳಿತ್ತು. ಅಲ್ಲಿ ಏನಾಗುತ್ತದೋ ನೋಡಿ ಸಹಿ ಹಾಕಬಹುದಿತ್ತು. ಮನೆ ಬಾಡಿಗೆ ಕರಾರು ಬೆಳೆಸುವಾಗಲೂ ನಾವು ಇದಕ್ಕಿಂತ ಜಾಸ್ತಿ ಯೋಚಿಸುತ್ತೇವೆ.

2024ರ ಜನವರಿಯ ಏಷ್ಯನ್ ಕಪ್‌ನಲ್ಲಿ ಮೂರು ಪಂದ್ಯ, ಮೂರು ಸೋಲು, ಒಂದೂ ಗೋಲಿಲ್ಲ. ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ಎದುರು 1-2. ಜೂನ್ 11ರಂದು ದೋಹಾದಲ್ಲಿ ಕತಾರ್ ಎದುರು 1-2. ಚೆಂಡು ಗೆರೆ ದಾಟಿ ಹೊರಗೆ ಹೋಗಿದ್ದರೂ ಗೋಲು ಕೊಟ್ಟರಲ್ಲ, ಅದೇ ಪಂದ್ಯ. ವಿಶ್ವಕಪ್ ಅರ್ಹತೆಯ ಮೂರನೇ ಸುತ್ತಿನ ಆಸೆ ಅಲ್ಲಿಗೆ ಮುಗಿಯಿತು. ಜೂನ್ 17ಕ್ಕೆ ಸ್ಟಿಮಾಚ್ ಅವರನ್ನು ತೆಗೆದಿರಿ. ತೆಗೆದದ್ದು ತಪ್ಪು ಅನ್ನುವುದಿಲ್ಲ. ಆದರೆ ಕರಾರು ಇನ್ನೂ ಎರಡು ವರ್ಷ ಬಾಕಿ ಇತ್ತು! ಮೂರು ತಿಂಗಳ ಸಂಬಳ ಕೊಡುತ್ತೇವೆ ಅಂದಿರಿ. ಅವರು ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾಗೆ ದೂರು ಕೊಡುತ್ತೇನೆ ಅಂದರು. ಕೊನೆಗೆ 4 ಲಕ್ಷ ಡಾಲರ್‌ಗೆ, ಅಂದರೆ ಸುಮಾರು 3.36 ಕೋಟಿ ರೂಪಾಯಿಗೆ, ರಾಜಿಯಾಯಿತು.

ನಾನು ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಆಟ ಕಲಿಸುತ್ತೇನೆ. ನಾವು ಪ್ರಾಕ್ಟೀಸ್‌ಗೆ ತರುವ ಚೆಂಡು 1,200 ರೂಪಾಯಿ. ಸುಮ್ನೆ ಭಾಗಿಸಿ ನೋಡಿದೆ. 28,000 ಚೆಂಡು. ಅಷ್ಟು ಚೆಂಡು ಕಂಠೀರವದ ಹುಲ್ಲಿನ ಮೇಲೆ ಸುರಿದರೆ ಕಾಲಿಡಲು ಜಾಗ ಇರುತ್ತದೋ ಇಲ್ಲವೋ.

ಆ ಸಹಿ ಹಾಕಿದವರು ಯಾರು? ಆಗ ಯಾವ ಗುರಿ ಬರೆದಿದ್ದರು? ಗುರಿ ತಪ್ಪಿದರೆ ಇಷ್ಟು ಕೊಟ್ಟು ಕಳಿಸಬಹುದು ಅನ್ನುವ ಸಾಲನ್ನು ಯಾಕೆ ಸರಿಯಾಗಿ ಬರೆಯಲಿಲ್ಲ? ಕೋಚ್ ಹೋದರು. ಅವರನ್ನು ಆರಿಸಿ, ಕರಾರು ಬೆಳೆಸಿದ ಮೇಜಿನ ಸುತ್ತ ಎಷ್ಟು ಕುರ್ಚಿ ಖಾಲಿಯಾದವು? 2022ರಲ್ಲಿ ಮೊದಲ ಸಲ ಮಾಜಿ ಆಟಗಾರರೊಬ್ಬರು ಫೆಡರೇಶನ್ನಿನ ಅಧ್ಯಕ್ಷರಾದಾಗ, ಡ್ರೆಸ್ಸಿಂಗ್ ರೂಮಿನ ಕಷ್ಟ ಗೊತ್ತಿರುವವರು ಬಂದರಲ್ಲ ಅಂತ ನಾನು ಸಿಹಿ ಹಂಚಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಪದ್ಧತಿ ಮಾತ್ರ ಬದಲಾಗಲಿಲ್ಲ.

ಆಮೇಲೆ ಮನೋಲೊ ಮಾರ್ಕೆಜ್. 2024ರ ಜುಲೈಯಲ್ಲಿ ಬಂದರು. ಎಫ್‌ಸಿ ಗೋವಾಕ್ಕೂ ಅವರೇ ಕೋಚ್, ದೇಶಕ್ಕೂ ಅವರೇ ಕೋಚ್, ಒಂದು ಸೀಸನ್ ಪೂರ್ತಿ. ಎರಡು ದೋಣಿಯಲ್ಲಿ ಕಾಲಿಡಿಸಿದ್ದು ನೀವೇ. ಮಾಲ್ಡೀವ್ಸ್ ವಿರುದ್ಧದ ಒಂದೇ ಗೆಲುವು, ಅದೂ ನಿವೃತ್ತಿ ಹೇಳಿದ್ದ ಛೇತ್ರಿಯನ್ನು ವಾಪಸ್ ಕರೆಸಿಕೊಂಡು. 2025ರ ಜೂನ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಸೋತರು. ಜುಲೈ ಶುರುವಿನಲ್ಲಿ ‘ಪರಸ್ಪರ ಒಪ್ಪಿಗೆ’ಯಿಂದ ಬೇರೆಯಾದರು. ಒಂದು ವರ್ಷವೂ ತುಂಬಲಿಲ್ಲ. ಈ ಸಲ ಪರಿಹಾರದ ಹಣ ಹೋಗಲಿಲ್ಲ, ಅದಕ್ಕೆ ಧನ್ಯವಾದ. ಆದರೆ ಒಂದು ವರ್ಷ ಹೋಯಿತಲ್ಲ.

ಈಗ ಖಾಲಿದ್ ಜಮೀಲ್. 2025ರ ಆಗಸ್ಟ್‌ನಲ್ಲಿ ಅವರ ಹೆಸರು ಬಂದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. 13 ವರ್ಷದ ನಂತರ ಭಾರತದವರೇ ಒಬ್ಬರು ಪೂರ್ಣಾವಧಿ ಕೋಚ್. ಐಜ್ವಾಲ್‌ನಂಥ ಸಣ್ಣ ಊರಿನ ತಂಡಕ್ಕೆ 2017ರಲ್ಲಿ, ದೇಶದ ಇನ್ನೊಂದು ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದುಕೊಟ್ಟವರು. ಐಎಸ್‌ಎಲ್‌ನಲ್ಲಿ ನಾರ್ತ್‌ಈಸ್ಟ್ ತಂಡಕ್ಕೆ ಮೊದಲು ಹಂಗಾಮಿಯಾಗಿ ಬಂದು, ಪ್ಲೇ-ಆಫ್‌ಗೆ ಕರೆದೊಯ್ದು, ಆಮೇಲೆ ಕಾಯಂ ಆದವರು. ದೇಶದ ತಂಡ ಹಿಡಿದ ಮೊದಲ ತಿಂಗಳಲ್ಲೇ ಮಧ್ಯ ಏಷ್ಯಾದ ಟೂರ್ನಿಯಲ್ಲಿ ಓಮಾನ್‌ನ್ನು ಪೆನಾಲ್ಟಿಯಲ್ಲಿ ಮಣಿಸಿ ಮೂರನೇ ಸ್ಥಾನ ತಂದರು. ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಪುರಕ್ಕೆ ಸೋತು 2027ರ ಏಷ್ಯನ್ ಕಪ್ ಕೈತಪ್ಪಿತು. ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಎದುರೂ ಸೋಲು. ಕೂಡಲೇ ಫೋನುಗಳಲ್ಲಿ ಹಳೇ ಹಾಡು ಶುರುವಾಯಿತು. ಈ ಸಲ ನಾನು ಕೂಗಲಿಲ್ಲ. ಅರ್ಹತಾ ಸುತ್ತಿನ ಆರು ಪಂದ್ಯಗಳಲ್ಲಿ ಮೊದಲ ಎರಡು ಬೇರೆಯವರ ಕೈಯಲ್ಲಿ ಕೆಟ್ಟಿದ್ದವು, ಉಳಿದ ನಾಲ್ಕು ಇವರ ಕೈಗೆ ಬಂದವು. ಅಡುಗೆ ತಳ ಹಿಡಿದ ಮೇಲೆ ಸೌಟು ಕೊಟ್ಟು ರುಚಿ ಕೇಳಿದರೆ ಹೇಗೆ?

ಖಾಲಿದ್ ವಿಷಯದಲ್ಲಿ ನನಗಿರುವ ಹೆದರಿಕೆ ಬೇರೆ. ಇದನ್ನು ಯಾರೂ ಮಾತಾಡುತ್ತಿಲ್ಲ, ಅದಕ್ಕೇ ಹೇಳುತ್ತೇನೆ. ಫಿಫಾ 2021ರ ಜನವರಿಯಿಂದ ಕೋಚ್‌ಗಳಿಗಂತಲೇ ಪ್ರತ್ಯೇಕ ನಿಯಮ ತಂದಿದೆ. ಎರಡು ತಿಂಗಳ ಸಂಬಳ ಬಾಕಿ ಉಳಿಸಿಕೊಂಡರೆ, 15 ದಿನದ ನೋಟಿಸ್ ಕೊಟ್ಟು ಕೋಚ್ ಕರಾರು ಮುರಿಯಬಹುದು. ಸುಮ್ಮನೆ ತೆಗೆದರೆ, ಕರಾರಿನಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ, ಉಳಿದ ಅವಧಿಯ ಹಣ ಕೇಳಬಹುದು. ಒಳ್ಳೆಯದೇ. ಆದರೆ ಫಿಫಾ ಕೈ ಹಾಕುವುದು ಜಗಳಕ್ಕೆ ಅಂತರರಾಷ್ಟ್ರೀಯ ನಂಟು ಇದ್ದರೆ ಮಾತ್ರ. ಕ್ರೊಯೇಷಿಯಾದ ಸ್ಟಿಮಾಚ್‌ಗೆ ಆ ಬಾಗಿಲು ತೆರೆದಿತ್ತು. ಭಾರತದ ಕೋಚ್, ಭಾರತದ ಕ್ಲಬ್ ಅಂದರೆ ಅದು ಮನೆಯೊಳಗಿನ ಜಗಳ, ಇಲ್ಲೇ ಬಗೆಹರಿಸಿಕೊಳ್ಳಬೇಕು. ಕೆಲಸ ಕೊಟ್ಟವರು ಫೆಡರೇಶನ್ನೇ ಆಗಿದ್ದರೆ? ಕೊಟ್ಟವರೂ ನೀವೇ, ತೆಗೆದವರೂ ನೀವೇ, ದೂರು ಕೊಡಬೇಕಾದ ಬಾಗಿಲೂ ನಿಮ್ಮದೇ. ವಿದೇಶಿ ಕೋಚ್ ಡಾಲರ್ ತೆಗೆದುಕೊಂಡು ಹೋಗುತ್ತಾರೆ. ನಮ್ಮವರು ಬಾಯಿ ಮುಚ್ಚಿಕೊಂಡು ಇನ್ನೊಂದು ಕ್ಲಬ್‌ನ ಫೋನ್ ಬರುತ್ತದಾ ಅಂತ ಕಾಯುತ್ತಾರೆ. ಜಗಳವಾಡಿದವನು ಅಂತ ಹೆಸರು ಬಿದ್ದರೆ ಆ ಫೋನೂ ಬರುವುದಿಲ್ಲ, ಅಲ್ವಾ?

ನಮ್ಮ ಊರಿನ ಹಳೇ ಫುಟ್‌ಬಾಲ್‌ನಲ್ಲಿ ಈ ಭಯ ಇರಲಿಲ್ಲ. ಅಪ್ಪ ನನ್ನನ್ನು ಮೇಯೋ ಹಾಲ್ ಹತ್ತಿರದ ಫುಟ್‌ಬಾಲ್ ಸ್ಟೇಡಿಯಂಗೆ ಕರೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ ಎಚ್‌ಎಎಲ್, ಐಟಿಐ, ಎಂಇಜಿ, ಹೀಗೆ ಕಾರ್ಖಾನೆ ಮತ್ತು ಸೇನೆಯ ತಂಡಗಳು. ಕಾರ್ಖಾನೆ ತಂಡದ ಕೋಚ್ ಅಂದರೆ ಹೆಚ್ಚಾಗಿ ಅದೇ ಕಾರ್ಖಾನೆಯ ನೌಕರ. ಶನಿವಾರ ಐದು ಗೋಲು ತಿಂದರೂ ಸೋಮವಾರ ಬೆಳಿಗ್ಗೆ ಕಾರ್ಡ್ ಪಂಚ್ ಮಾಡಿ ಶಿಫ್ಟಿಗೆ ಹೋಗುತ್ತಿದ್ದರು. ಕ್ಯಾಂಟೀನಿನಲ್ಲಿ ಜೊತೆಗಾರರು ಮೂರು ದಿನ ಕಿಚಾಯಿಸುತ್ತಿದ್ದರು, ಅದೇ ಶಿಕ್ಷೆ. ಅದರಲ್ಲೂ ದೋಷ ಇತ್ತು. ಕೆಲಸ ಹೋಗುವುದಿಲ್ಲ ಅಂತ ಗೊತ್ತಾದ ಮೇಲೆ ಹೊಸದನ್ನು ಕಲಿಯದೆ ಇಪ್ಪತ್ತು ವರ್ಷ ಅದೇ ಆಟ ಆಡಿಸಿದವರೂ ಇದ್ದರು. ಆ ಕಾಲ ವಾಪಸ್ ಬರಲಿ ಅಂತ ನಾನು ಹೇಳುವುದಿಲ್ಲ. ಆದರೆ ಆ ಕೋಚ್ 15 ವರ್ಷದ ಹುಡುಗನನ್ನು ಇಳಿಸಿ ಒಂದು ಪಂದ್ಯ ಸೋಲುವ ಧೈರ್ಯ ಮಾಡುತ್ತಿದ್ದ. ಇವತ್ತಿನ ಐಎಸ್‌ಎಲ್ ಕೋಚ್‌ಗೆ ಆ ಧೈರ್ಯ ಎಲ್ಲಿಂದ ಬರಬೇಕು? ಮೂರು ಸೋಲಿನ ದೂರದಲ್ಲಿ ಬಾಗಿಲು ಕಾಣುತ್ತಿರುವಾಗ ಅವರು 34ರ ಅನುಭವಿಯನ್ನೇ ಆಡಿಸುತ್ತಾರೆ. ದೇಶಕ್ಕೆ ಸ್ಟ್ರೈಕರ್ ಸಿಗುತ್ತಿಲ್ಲ ಅಂತ ನೀವು ಕೊರಗುತ್ತೀರಿ. ಛೇತ್ರಿಯನ್ನು 40ರಲ್ಲಿ ವಾಪಸ್ ಕರೆಯುತ್ತೀರಿ.

ನನ್ನದೂ ಒಂದು ಸಣ್ಣ ಕಥೆ ಇದೆ. ಕೆಲವು ವರ್ಷದ ಹಿಂದೆ ಒಂದು ಖಾಸಗಿ ಅಕಾಡೆಮಿಯಲ್ಲಿ, ಹೆಸರು ಬೇಡ, 13 ವರ್ಷದೊಳಗಿನ ಹುಡುಗರಿಗೆ ಕೋಚ್ ಆಗಿದ್ದೆ. ಕರಾರು ಪತ್ರ ಅನ್ನುವುದು ಇರಲೇ ಇಲ್ಲ. ಎರಡು ಟೂರ್ನಿ ಸೋತೆವು. ಒಂದು ರಾತ್ರಿ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಬಂತು, ‘ಸರ್, ನಾಳೆಯಿಂದ ಬೇರೆಯವರು ನೋಡ್ಕೊಳ್ತಾರೆ.’ ಹನ್ನೊಂದು ಸೆಕೆಂಡ್. ಆ ತಿಂಗಳ ಸಂಬಳಕ್ಕೆ ಮೂರು ಸಲ ಅಲೆದೆ. ನನಗೆ ಬೇರೆ ಕೆಲಸ ಇತ್ತು, ಬದುಕಿಕೊಂಡೆ. ಇದೊಂದನ್ನೇ ನಂಬಿಕೊಂಡು ಕೋಚಿಂಗ್‌ನ ಡಿ ಲೈಸೆನ್ಸ್, ಸಿ ಲೈಸೆನ್ಸ್ ಅಂತ ಕೈಯಿಂದ ಖರ್ಚು ಮಾಡಿ ಪಾಸಾಗುವ ಹುಡುಗ ಹುಡುಗಿಯರು ನಮ್ಮ ಗೌತಮಪುರ, ಆಸ್ಟಿನ್ ಟೌನ್ ಕಡೆ ಎಷ್ಟಿದ್ದಾರೆ ಗೊತ್ತಾ? ಅವರು ನಿಮ್ಮ ಕಡೆ ನೋಡಿ ಕಲಿಯುತ್ತಾರೆ. ಅವರಿಗೆ ಕೆಲಸ ಕೊಡುವವರೂ ನಿಮ್ಮ ಕಡೆ ನೋಡಿಯೇ ಕಲಿಯುತ್ತಾರೆ.

ಹಾಗಾದರೆ ಏನು ಮಾಡಬೇಕು? ಒಂದು ಸೀಸನ್‌ಗೆ ಇಷ್ಟೇ ಕೋಚ್ ಅಂತ ನಿಯಮ ಮಾಡಿಬಿಡಿ ಅನ್ನುವವರಿದ್ದಾರೆ. ಬ್ರೆಜಿಲ್ ಅದನ್ನು ಮಾಡಿ ನೋಡಿತು. 2021ರಲ್ಲಿ ಅವರ ಮೊದಲ ದರ್ಜೆ ಲೀಗ್‌ನಲ್ಲಿ ಒಂದು ಕ್ಲಬ್ ಒಬ್ಬ ಕೋಚನ್ನು ಮಾತ್ರ ತೆಗೆಯಬಹುದು ಅಂತ ಬಂತು. ಆದರೆ ‘ಪರಸ್ಪರ ಒಪ್ಪಿಗೆ’ಯಿಂದ ಬೇರೆಯಾದರೆ ಅದು ಲೆಕ್ಕಕ್ಕಿಲ್ಲ. ಆಮೇಲೆ ಕೇಳಬೇಕೆ? ಎಲ್ಲರಿಗೂ ಪರಸ್ಪರ ಒಪ್ಪಿಗೆ ಆಗತೊಡಗಿತು. ಮರುವರ್ಷ ಆ ನಿಯಮವೇ ಹೋಯಿತು. ರಂಗೋಲಿ ಕೆಳಗೆ ನುಸುಳುವವರು ಎಲ್ಲಾ ಊರಲ್ಲೂ ಇದ್ದಾರೆ.

ನನ್ನ ಕೋರಿಕೆ ಅದಕ್ಕಿಂತ ಸಣ್ಣದು. ಕೋಚ್ ನೇಮಕವಾದ ದಿನ ಒಂದು ಪುಟ ಪ್ರಕಟಿಸಿ. ಸಂಬಳ ಬೇಡ, ಅದು ಅವರವರ ವಿಷಯ. ಎಷ್ಟು ವರ್ಷಕ್ಕೆ, ಯಾವ ಗುರಿಗೆ, ಯಾವ ತಿಂಗಳಲ್ಲಿ ಪರಿಶೀಲನೆ, ಯಾರು ಪರಿಶೀಲಿಸುತ್ತಾರೆ, ನಡುವೆ ಬಿಟ್ಟರೆ ಯಾರು ಯಾರಿಗೆ ಎಷ್ಟು ತಿಂಗಳದ್ದು ಕೊಡಬೇಕು. ಕೋಚ್ ಬಿಟ್ಟು ಓಡಿದರೂ ಅದೇ ಅಳತೆ. ಹೋಗುವ ದಿನ ಇನ್ನೊಂದು ಪುಟ. ಮೊದಲ ಪುಟದಲ್ಲಿ ಬರೆದದ್ದರಲ್ಲಿ ಯಾವುದು ಆಗಲಿಲ್ಲ, ಅದಕ್ಕೆ ಬೇಕಾದ ಆಟಗಾರರನ್ನು ಕೊಟ್ಟಿದ್ದೆವಾ, ಇಲ್ಲವಾ. ‘ಪರಸ್ಪರ ಒಪ್ಪಿಗೆ’ ಅನ್ನುವ ಎರಡು ಪದಕ್ಕೆ ಆ ಪುಟದಲ್ಲಿ ಜಾಗ ಇರಬಾರದು.

ಇದಕ್ಕೆ ಹೊಸ ಕಾನೂನು ಬೇಡ. ಕ್ಲಬ್ ಲೈಸೆನ್ಸ್‌ಗೆ ಅಂತ ಪ್ರತಿ ವರ್ಷ ಕ್ಲಬ್‌ಗಳಿಂದ ಕಟ್ಟುಗಟ್ಟಲೆ ಕಾಗದ ತರಿಸಿಕೊಳ್ಳುತ್ತೀರಿ. ಹೆಡ್ ಕೋಚ್‌ನ ಅರ್ಹತೆ ಏನು, ನೌಕರರ ಬಾಕಿ ಇದೆಯಾ ಅಂತೆಲ್ಲ ಕೇಳುತ್ತೀರಿ. ಅದೇ ಕಟ್ಟಿಗೆ ಈ ಪುಟ ಸೇರಿಸಿ. ಸಹಾಯಕ ಕೋಚ್, ಗೋಲ್‌ಕೀಪರ್ ಕೋಚ್, ಫಿಟ್‌ನೆಸ್ ನೋಡಿಕೊಳ್ಳುವವರ ಕರಾರು ಹೆಡ್ ಕೋಚ್‌ನ ಕರಾರಿನ ಬಾಲ ಆಗದಿರಲಿ. ಒಬ್ಬರನ್ನು ತೆಗೆದರೆ ಐದು ಮನೆಯ ಒಲೆ ಆರುತ್ತದೆ. ಹಂಗಾಮಿ ಕೋಚ್ ಅಂತ ಒಬ್ಬ ಭಾರತೀಯನನ್ನು ಕೂರಿಸಿ, ಸೀಸನ್ ಮುಗಿಯುವ ತನಕ ದುಡಿಸಿಕೊಂಡು, ಆಮೇಲೆ ವಿದೇಶದಿಂದ ಒಬ್ಬರನ್ನು ಕರೆತರುವ ಚಾಳಿಗೂ ಒಂದು ಗಡುವು ಹಾಕಿ. ಎರಡು ತಿಂಗಳಾದ ಮೇಲೆ ಕೆಲಸ ಕೊಡಿ, ಇಲ್ಲವೇ ಬಿಡಿ. ಭಾರತೀಯ ಕೋಚ್‌ಗಳ ದೂರನ್ನು ಕೇಳಲು, ಫೆಡರೇಶನ್‌ಗೂ ಕ್ಲಬ್‌ಗೂ ಸೇರದ ಒಬ್ಬ ನಿವೃತ್ತ ನ್ಯಾಯಾಧೀಶರನ್ನು ಕೂರಿಸಿ.

ಮಾಲೀಕರಿಗೆ ಒಂದು ಮಾತು. ನಮ್ಮ ಕ್ಲಬ್‌ನ ಮಾಲೀಕರು ಬಳ್ಳಾರಿ ಕಡೆ ತೋರಣಗಲ್ಲಿನಲ್ಲಿ ಉಕ್ಕು ಮಾಡುವವರು. ಅಲ್ಲಿ ಕುಲುಮೆ ಕಟ್ಟುವಾಗ ಮೂರು ವಾರ ಕೆಲಸ ಹಿಂದೆ ಬಿತ್ತು ಅಂತ ಎಂಜಿನಿಯರನ್ನು ಬದಲಿಸುತ್ತೀರಾ? ಬದಲಿಸಿದರೂ ಒಂದು ವರದಿ ಇರುತ್ತದೆ, ಯಾಕೆ ಹಿಂದೆ ಬಿತ್ತು ಅಂತ. ಫುಟ್‌ಬಾಲ್‌ಗೆ ಬಂದ ಕೂಡಲೇ ಆ ವರದಿಯ ಅಭ್ಯಾಸ ಎಲ್ಲಿ ಹೋಗುತ್ತದೆ?

2025ರ ಬೇಸಿಗೆಯ ನಂತರ ನಡೆದದ್ದನ್ನೂ ನಾವು ಮರೆತಿಲ್ಲ. ಫೆಡರೇಶನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ 15 ವರ್ಷದ ಒಪ್ಪಂದ ಮುಗಿಯುತ್ತಾ ಬಂತು, ಹೊಸದು ಆಗಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಶುರುವಾಗಬೇಕಿದ್ದ ಐಎಸ್‌ಎಲ್ ಆ ವರ್ಷ ಶುರುವಾಗಲೇ ಇಲ್ಲ. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಿತು. ಒಂದೂ ಪಂದ್ಯ ಸೋಲದೆ ಕೋಚ್‌ಗಳ ಕೆಲಸ ತೂಗುಯ್ಯಾಲೆಗೆ ಬಿತ್ತು. ಅದರ ಲೆಕ್ಕ ಕೊಡುವ ಪುಟವನ್ನು ಯಾವ ಕೋಚ್ ಬರೆಯಬೇಕು, ಹೇಳಿ.

ಈ ಪತ್ರಕ್ಕೆ ಉತ್ತರ ಬರೆಯುವುದಾದರೆ ಉದ್ದ ಬೇಡ. ಖಾಲಿದ್ ಜಮೀಲ್ ಅವರಿಗೆ ಎರಡು ವರ್ಷದ ಕರಾರು ಕೊಟ್ಟಿದ್ದೀರಿ, ಇನ್ನೊಂದು ವರ್ಷ ಬೆಳೆಸುವ ಅವಕಾಶವೂ ಇದೆ ಅಂದಿದ್ದೀರಿ. ಅವರಿಂದಲೇ ಶುರು ಮಾಡಿ. ಆ ಕರಾರಿನಲ್ಲಿ ಅವರು ಮುಟ್ಟಬೇಕಾದ ಗುರಿ ಏನು ಅಂತ ಬರೆದಿದೆ? ಆ ಒಂದು ಸಾಲು ಕಳಿಸಿ. ನಾನು ಅದನ್ನು ಪ್ರಿಂಟ್ ಹಾಕಿಸಿ ಜೇಬಲ್ಲಿಟ್ಟುಕೊಳ್ಳುತ್ತೇನೆ. ಮುಂದಿನ ಸಲ ತಂಡ ಸೋತು ಪಕ್ಕದವರು ಕೂಗಲು ಎದ್ದಾಗ ಮೊದಲು ಅದನ್ನು ತೆಗೆದು ಓದುತ್ತೇನೆ.

ಇಂತಿ,
ಕಂಠೀರವದ ಪಶ್ಚಿಮ ಸ್ಟ್ಯಾಂಡಿನಲ್ಲಿ ಕೂರುವ ಒಬ್ಬ, ಬೆಂಗಳೂರು